ಅಕೇಶಿಯಾ ಸಾಲಿನ ಪಕ್ಕ ಯಾವ ಮರ ನೆಡೋದು? ಬ್ಲ್ಯಾಕ್ ವಾಲ್ನಟ್ ಥರ ಇದಕ್ಕೂ ವಿಷ ಇದೆಯಾ?

ಹಳ್ಳದ ಮನೆ
ಎಲ್ಲರಿಗೂ ನಮಸ್ಕಾರ. ಸಿರ್ಸಿಯಿಂದ ಬನವಾಸಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಡಾಂಬರು ರಸ್ತೆಯಿಂದ ಅಂಗಳದ ತನಕ ಮಣ್ಣು ದಾರಿ. ಅದರ ಎರಡೂ ಬದಿಗೆ ಸಾಲು ಮರ ನೆಡಬೇಕು ಅಂತ ಬಹಳ ದಿನದ ಆಸೆ. ಹಣ್ಣಿಗಲ್ಲ, ದುಡ್ಡಿಗಲ್ಲ. ನೆರಳಿಗೆ, ಅಂದಕ್ಕೆ.

ತೊಂದರೆ ಏನು ಅಂದರೆ ಎಡಬದಿ ಬೇಲಿಯಾಚೆ ಪಕ್ಕದವರ ಅಕೇಶಿಯಾ ಸಾಲು ಇದೆ. ಹಳೆಯ ಮರಗಳು, ಒಬ್ಬರ ತೋಳಿಗೆ ಸಿಗಲ್ಲ. ಹೋದ ಮಳೆಗಾಲದಲ್ಲಿ ಎರಡೂ ಬದಿಗೆ ಒಂದೇ ಥರದ ಗಿಡ ಹಾಕಿಸಿದೆ: ಹೊಳೆದಾಸವಾಳ, ರಂಜೆ, ನಡುನಡುವೆ ಸುರಗಿ. ಬಲಬದಿಯವು ಸೊಂಟದೆತ್ತರ ಬಂದಿವೆ. ಎಡಬದಿಯಲ್ಲಿ ಹೊಳೆದಾಸವಾಳ ಎಲ್ಲ ಒಣಗಿತು. ರಂಜೆ ನೆಟ್ಟಷ್ಟೇ ಇದೆ. ಸುರಗಿ ಮಾತ್ರ ಬದುಕಿದೆ, ಬೆಳೆದಿಲ್ಲ.

ಮಗಳು ಅಮೆರಿಕದ ಒಹಾಯೋದಲ್ಲಿದ್ದಾಳೆ. ಅವಳ ಹಿತ್ತಲಲ್ಲಿ ಬ್ಲ್ಯಾಕ್ ವಾಲ್ನಟ್ ಅಂತ ದೊಡ್ಡ ಮರ ಇದೆಯಂತೆ. ಅದರ ಬೇರಿನಲ್ಲಿ ವಿಷ, ಹತ್ತಿರ ಕಂಡಕಂಡ ಗಿಡ ನೆಡಬೇಡಿ ಅಂತ ಅಲ್ಲಿಯ ತೋಟಗಾರ ಹೇಳಿದನಂತೆ. "ಅಪ್ಪಾ, ನಿಮ್ಮ ಅಕೇಶಿಯಾದ್ದೂ ಅದೇ ಕಥೆ" ಅಂತಾಳೆ. ಹೌದಾ? ಮಣ್ಣು ಬದಲಿಸಬೇಕಾ? ಎಷ್ಟು ದೂರ ಬಿಡಬೇಕು? ಯಾವ ಮರ ತಾಳುತ್ತೆ? ತಿಳಿದವರು ಹೇಳಿ.

ಬೆಟ್ಟದ ಭಟ್ಟ
ಇದರಲ್ಲಿ ಕೇಳೋದೇನಿದೆ? ಅಕೇಶಿಯಾ ಅಡಿಗೆ ಹುಲ್ಲೂ ಹುಟ್ಟಲ್ಲ. ಎಂಬತ್ತರ ದಶಕದಿಂದ ಸಾಮಾಜಿಕ ಅರಣ್ಯ ಅಂತ ತಂದು ಸುರಿದರು. ನಮ್ಮ ಬೆಟ್ಟ ಹಾಳಾಯಿತು. ಸೊಪ್ಪಿಗೆ ಅಂತ ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ, ಅಂದರೆ ಸರ್ಕಾರದ ಕಾಡುಜಾಗ, ಕೊಟ್ಟ ಜಿಲ್ಲೆ ಇದು. ಈಗ ಆ ಬೆಟ್ಟಕ್ಕೆ ಹೋದರೆ ಸೊಪ್ಪು ಎಲ್ಲಿದೆ? ಕುಡುಗೋಲಿನ ಥರದ ಒಣ ಎಲೆ ಬಿಟ್ಟರೆ ಏನೂ ಇಲ್ಲ. ಕಡಿಸಿ ಅಂತ ಪಕ್ಕದವರಿಗೆ ಹೇಳಿ. ಬೇರೆ ಮದ್ದಿಲ್ಲ.

ಪೇಟೆ ಹುಡ್ಗ
ಅಕೇಶಿಯಾ ಅಂದರೆ ಸಾಕು, ಭಟ್ರು ಹಾಜರ್ 😄

ದೂರದ ಹೆಗಡೆ
ನಾನು ಹುಟ್ಟಿದ್ದು ಸಿದ್ದಾಪುರ ಕಡೆ, ಈಗ ಇರೋದು ಇಂಡಿಯಾನಾದಲ್ಲಿ. ನಮ್ಮ ಹಿತ್ತಲಲ್ಲೂ ಬ್ಲ್ಯಾಕ್ ವಾಲ್ನಟ್ ಇದೆ, ಹಾಗಾಗಿ ಆ ಭಾಗ ನಾನು ಹೇಳ್ತೇನೆ.

ಇದು ನಾವು ಡ್ರೈಫ್ರೂಟ್ ಅಂಗಡಿಯಲ್ಲಿ ತರುವ ಅಕ್ರೋಟಿನ ಮರ ಅಲ್ಲ, ಅದರ ಅಣ್ಣತಮ್ಮ. ಅಮೆರಿಕದ ಪೂರ್ವ ಭಾಗದ ಕಾಡುಮರ. ನೂರಡಿ ತನಕ ಏರುತ್ತೆ. ಇದರ ಬೇರು, ಮೊಗ್ಗು, ಕಾಯಿಯ ಹಸಿರು ಸಿಪ್ಪೆ ಈ ಮೂರರಲ್ಲಿ ಜುಗ್ಲೋನ್ ಅಂತ ಒಂದು ರಾಸಾಯನಿಕ ಬರುತ್ತೆ. ಮರದೊಳಗೆ ಇರುವಾಗ ಅದು ಬೇರೆ ರೂಪದಲ್ಲಿ ಸುಮ್ನೆ ಇರುತ್ತೆ. ಗಾಳಿ ತಾಗಿದ ಕೂಡಲೇ ಜುಗ್ಲೋನ್ ಆಗುತ್ತೆ. ಕಾಯಿ ಸುಲಿದರೆ ಕೈ ಕಪ್ಪಗಾಗಿ ವಾರಗಟ್ಟಲೆ ಹೋಗಲ್ಲ, ನಮ್ಮೂರಲ್ಲಿ ಹಸಿ ಗೇರುಬೀಜ ಒಡೆದವರ ಕೈ ನೋಡಿದ ಹಾಗೆ.

ಟೊಮೇಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಈ ಬಳಗಕ್ಕೆ ಅದರ ಹತ್ತಿರ ಆಗಲ್ಲ ಅಂತಾರೆ. ಚಂದಕ್ಕೆ ನೆಡುವವುಗಳಲ್ಲಿ ರೋಡೋಡೆಂಡ್ರಾನ್, ಅಜೇಲಿಯಾ, ಬಿಳಿ ಬರ್ಚ್, ಕೆಲವು ಜಾತಿಯ ಪೈನ್, ಸೇಬು ಇವನ್ನೂ ಬೇಡ ಅಂತಾರೆ. ದೊಡ್ಡ ಮರ ಆದರೆ ಬುಡದಿಂದ ಐವತ್ತು ಅರವತ್ತು ಅಡಿ ಬಿಡಿ ಅನ್ನೋದು ಇಲ್ಲಿಯ ಸಾಮಾನ್ಯ ಸಲಹೆ. ಬೇರು ಅಷ್ಟು ದೂರ ಓಡಿರುತ್ತೆ. ಮರ ಕಡಿದರೂ ಬೇರು ಕೊಳೆಯುವ ತನಕ ಕಾಟ ತಪ್ಪಲ್ಲ.

ಹಳ್ಳದ ಮನೆಯವರೇ, ಮಗಳಿಗೆ ಹೇಳಿ: ಓಕ್, ಹಿಕರಿ, ಶುಗರ್ ಮೇಪಲ್, ರೆಡ್‌ಬಡ್, ಈಸ್ಟರ್ನ್ ರೆಡ್ ಸೀಡರ್ ಇವನ್ನು ಧೈರ್ಯವಾಗಿ ನೆಡಬಹುದು. ಹಣ್ಣು ಬೇಕು ಅಂದರೆ ಪಾಪಾ ಅಂತ ಒಂದು ಮರ ಇದೆ, ನಮ್ಮ ಸೀತಾಫಲದ ಬಳಗ. ಕಾಡಲ್ಲಿ ವಾಲ್ನಟ್ ಅಡಿಗೇ ಬೆಳೆಯುತ್ತೆ.

ಅಪ್ಪೆಮಿಡಿ
ಹೆಗಡೇರೇ, ನಿಮ್ಮ ಟೊಮೇಟೊ ನಿಜವಾಗಿ ಸತ್ತಿದ್ದು ನೋಡಿದ್ದೀರಾ, ಅಥವಾ ಬರೀ ಓದಿದ್ದಾ?

ದೂರದ ಹೆಗಡೆ
ನೋಡಿದ್ದೇನೆ ಅಕ್ಕ. ಪಕ್ಕದ ಮನೆಯವರದ್ದು. ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನಕ್ಕೆ ಇಡೀ ಗಿಡ ಜೋತುಬಿತ್ತು. ನೀರು ಹೊಯ್ದರೂ ಏಳಲಿಲ್ಲ. ಇದು ಹೊಸ ವಿಷಯ ಅಲ್ಲ. ವಾಲ್ನಟ್ ನೆರಳು ಕೆಟ್ಟದ್ದು ಅಂತ ರೋಮಿನ ಪ್ಲಿನಿ ಎರಡು ಸಾವಿರ ವರ್ಷದ ಹಿಂದೆ ಬರೆದಿದ್ದ. 1925ರಲ್ಲಿ ವರ್ಜೀನಿಯಾದ ಮ್ಯಾಸಿ ಅನ್ನುವ ವಿಜ್ಞಾನಿ ಟೊಮೇಟೊ, ಕುದುರೆ ಮಸಾಲೆ ಬೆಳೆ ವಾಲ್ನಟ್ ಬೇರು ಇದ್ದಲ್ಲೇ ಬಾಡೋದನ್ನು ದಾಖಲಿಸಿದ. 1928ರಲ್ಲಿ ಡೇವಿಸ್ ಅನ್ನುವವ ಜುಗ್ಲೋನನ್ನೇ ಟೊಮೇಟೊ ದಂಟಿಗೆ ಚುಚ್ಚಿ ತೋರಿಸಿದ.

ನರ್ಸರಿ ನಾಗ
ಸ್ವಲ್ಪ ತಡೀರಿ ಎಲ್ಲರೂ. ಸಿರ್ಸಿ ಅರಣ್ಯ ಕಾಲೇಜಿನಲ್ಲಿ ಓದಿದವ ನಾನು, ಈಗ ಸಸಿ ಮಾಡೋದೇ ಕೆಲಸ. ಎರಡು ಮಾತು.

ಮೊದಲನೆಯದು ವಾಲ್ನಟ್. ದಂಟಿಗೆ ಚುಚ್ಚಿದರೆ ಬಾಡುತ್ತೆ, ಸರಿ. ಗಾಜಿನ ತಟ್ಟೆಯಲ್ಲಿ ಬೀಜದ ಮೇಲೆ ಹೊಯ್ದರೆ ಮೊಳಕೆ ಬರಲ್ಲ, ಅದೂ ಸರಿ. ಆದರೆ ತೋಟದ ಮಣ್ಣು ಗಾಜಿನ ತಟ್ಟೆ ಅಲ್ಲ. ಜುಗ್ಲೋನ್ ನೀರಿನಲ್ಲಿ ಸರಿಯಾಗಿ ಕರಗಲ್ಲ, ಬೇರಿನ ಆಸುಪಾಸು ಬಿಟ್ಟು ದೂರ ಹೋಗಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತವೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಲಿಂಡಾ ಚಾಕರ್-ಸ್ಕಾಟ್ 2019ರಲ್ಲಿ ಇರುವ ಅಧ್ಯಯನ ಎಲ್ಲ ಗುಡ್ಡೆ ಹಾಕಿ ನೋಡಿದರು. ತೋಟದಲ್ಲಿ, ಬಯಲಲ್ಲಿ ಗಟ್ಟಿ ಸಾಕ್ಷಿ ಇಲ್ಲ ಅಂದರು. ತಾಳುವ ಗಿಡ, ತಾಳದ ಗಿಡ ಅಂತ ಪಟ್ಟಿ ಓಡಾಡುತ್ತಲ್ಲ, ಒಂದರಲ್ಲಿ ತಾಳುತ್ತೆ ಅಂದ ಗಿಡ ಇನ್ನೊಂದರಲ್ಲಿ ಸಾಯುತ್ತೆ. ಬಹಳಷ್ಟು ಯಾರೋ ಎಲ್ಲೋ ಕಂಡದ್ದು.

ಎರಡನೆಯದು ಅಕೇಶಿಯಾ. ಇದರಲ್ಲಿ ಜುಗ್ಲೋನ್ ಇಲ್ಲವೇ ಇಲ್ಲ. ಅದು ವಾಲ್ನಟ್ ಬಳಗದ ಸೊತ್ತು. ಅಕೇಶಿಯಾ ದ್ವಿದಳದ ಜಾತಿ, ಬೇರಿನ ಗಂಟಿನಲ್ಲಿ ಸಾರಜನಕ ಕೂಡಿಸುತ್ತೆ. ಎಲೆ ನೆನೆಸಿದ ನೀರು ಕೆಲವು ಬೀಜದ ಮೊಳಕೆ ತಡೆಯುತ್ತೆ ಅಂತ ಪ್ರಯೋಗಾಲಯದಲ್ಲಿ ಕಂಡಿದ್ದು ಹೌದು. ಹಾಗೆ ನೋಡಿದರೆ ಎಷ್ಟೋ ಮರದ ಎಲೆ ನೀರು ಅದನ್ನೇ ಮಾಡುತ್ತೆ.

ಈಗ ಹಳ್ಳದ ಮನೆಯವರಿಗೆ ಪ್ರಶ್ನೆ. ಗಿಡ ಒಣಗಿದ್ದು ಯಾವಾಗ? ಮಳೆಗಾಲದಲ್ಲಾ, ಬೇಸಿಗೆಯಲ್ಲಾ? ಬೇಲಿಯಿಂದ ಎಷ್ಟಡಿ?

ಬೆಟ್ಟದ ಭಟ್ಟ
ಓದಿದವರು ಹೀಗೇ. ಕಣ್ಣಿಗೆ ಕಾಣೋದಕ್ಕೂ ಸಾಕ್ಷಿ ಬೇಕು ಇವರಿಗೆ. ಬನ್ನಿ ನಮ್ಮೂರಿಗೆ, ಅಕೇಶಿಯಾ ಪ್ಲಾಂಟೇಶನ್ ಒಳಗೆ ಕರೆದುಕೊಂಡು ಹೋಗ್ತೇನೆ. ಒಂದು ಹಸಿರು ಗಿಡ ತೋರಿಸಿ. 1983ರಲ್ಲಿ ಸಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ನಿಂತಿದ್ದು ಸುಮ್ನೆಯಾ?

ಪೇಟೆ ಹುಡ್ಗ
ಭಟ್ರೇ, ಅವತ್ತು ಅಪ್ಪಿಕೊಂಡಿದ್ದು ಕಾಡುಮರವನ್ನು. ಅಕೇಶಿಯಾ ವಿಷಯ ಅಲ್ಲ ಅದು.

ಬೆಟ್ಟದ ಭಟ್ಟ
ಕಾಡುಮರ ಕಡಿದು ಒಂದೇ ಜಾತಿ ನೆಡಬೇಡಿ ಅಂತಲೇ ಅಲ್ವಾ ಅಪ್ಪಿಕೋ ಚಳವಳಿ ಹೇಳಿದ್ದು? ಅವತ್ತು ತೇಗ, ನೀಲಗಿರಿ. ಆಮೇಲೆ ಅಕೇಶಿಯಾ. ಬುದ್ಧಿ ಒಂದೇ.

ಕಾಡಂಚು
ಭಟ್ರ ಸಿಟ್ಟು ಅರ್ಥ ಆಗುತ್ತೆ. ಆದರೆ ನಮ್ಮ ಮನೆ ಹಿಂದಿನ ಹಳೆ ಅಕೇಶಿಯಾ ಪ್ಲಾಂಟೇಶನ್ ಕಥೆ ಬೇರೆ. ಒಂದು ಬದಿಗೆ ಒಳ್ಳೆ ಕಾಡಿದೆ. ಬೆಂಕಿ ಬಿದ್ದಿಲ್ಲ, ದನ ಹೋಗಲ್ಲ, ದರಕು (ಉದುರಿದ ಒಣ ಎಲೆ) ಗುಡಿಸುವವರೂ ಇಲ್ಲ. ಅಲ್ಲಿ ಅಕೇಶಿಯಾ ಬುಡದಲ್ಲೇ ಕಿಂದಳ, ಮತ್ತಿ, ನೇರಳೆ, ಮುರುಗಲು ಎದ್ದಿವೆ. ಮುರುಗಲಂತೂ ನನ್ನ ತಲೆ ಮೇಲೆ ಹೋಗಿದೆ. ಬೀಜ ತಂದು ಹಾಕಿದ್ದು ಹಕ್ಕಿ, ಮಂಗ.

ಊರ ಹತ್ತಿರದ ಇನ್ನೊಂದು ಪ್ಲಾಂಟೇಶನ್ ಇದೆ. ಅಲ್ಲಿ ಬೋಳು. ವರ್ಷ ವರ್ಷ ದರಕು ಬಾಚಿಕೊಂಡು ಹೋಗ್ತಾರೆ, ಆಗಾಗ ಬೆಂಕಿ, ದನ ದಿನಾ. ವಿಷವೇ ಕಾರಣ ಆಗಿದ್ದರೆ ಎರಡೂ ಕಡೆ ಬೋಳಾಗಬೇಕಿತ್ತು ಅಲ್ವಾ?

ನರ್ಸರಿ ನಾಗ
ಇದನ್ನೇ ನಾನೂ ಬಹಳ ಕಡೆ ನೋಡಿದ್ದೇನೆ. ಕಾಡು ಹತ್ತಿರ ಇದ್ದು ಯಾರೂ ಮುಟ್ಟದಿದ್ದರೆ ಅಕೇಶಿಯಾ ಅಡಿಗೂ ನಮ್ಮ ಮರ ಏಳುತ್ತವೆ.

ಹಳ್ಳದ ಮನೆ
ನಾಗ ಅವರೇ, ನೆಟ್ಟಿದ್ದು ಜೂನ್ ಮಳೆಗೆ. ಮಳೆಗಾಲದಲ್ಲಿ ಎಡಬದಿಯವೂ ಚಿಗುರಿದ್ದವು, ಬಲಬದಿಯಷ್ಟು ಅಲ್ಲದಿದ್ದರೂ. ದೀಪಾವಳಿ ತನಕ ಅಡ್ಡಿ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎಲೆ ತುದಿ ಸುಡಲಿಕ್ಕೆ ಶುರುವಾಯಿತು. ಶಿವರಾತ್ರಿ ಹೊತ್ತಿಗೆ ಹೊಳೆದಾಸವಾಳ ಮುಗಿಯಿತು. ಬೇಲಿಯಿಂದ ಐದಾರು ಅಡಿ ಅಷ್ಟೇ. ನೀರು ಎರಡೂ ಬದಿಗೆ ಒಂದೇ ಲೆಕ್ಕ, ವಾರಕ್ಕೊಂದು ಸಲ ಪೈಪ್ ಹಿಡಿಸಿದ್ದೆ.

ನರ್ಸರಿ ನಾಗ
ಹಾಗಾದರೆ ವಿಷ ಮಳೆಗಾಲದಲ್ಲಿ ರಜೆ ಹಾಕಿತ್ತಾ?

ಇದು ನೀರಿನ ಜಗಳ. ಅಕೇಶಿಯಾದ ತಿನ್ನುವ ಬೇರೆಲ್ಲ ಮೇಲ್ಮಣ್ಣಿನಲ್ಲಿ. ಬೇಲಿ ದಾಟಿ ನಿಮ್ಮ ಗುಂಡಿ ತನಕ ಬಂದಿರುತ್ತೆ. ನೀವು ಗುಂಡಿ ತೆಗೆದು ಗೊಬ್ಬರ ಹಾಕಿ ನೀರು ಕೊಟ್ಟಿದ್ದು ಅದಕ್ಕೆ ಊಟಕ್ಕೆ ಕರೆದಂತೆ ಆಯಿತು. ನಂಬಿಕೆ ಇಲ್ಲದಿದ್ದರೆ ಸತ್ತ ಗಿಡದ ಗುಂಡಿಯೊಂದನ್ನು ಬಿಡಿಸಿ ನೋಡಿ.

ಇನ್ನೊಂದು, ಹೊಳೆದಾಸವಾಳ ಹೊಳೆ ಅಂಚಿನ ಮರ. ಅದಕ್ಕೆ ಬಿಸಿಲೂ ಬೇಕು, ತೇವವೂ ಬೇಕು. ಎಡಬದಿಯಲ್ಲಿ ಎರಡೂ ಇಲ್ಲ. ಅದೇ ಮೊದಲು ಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಅಪ್ಪೆಮಿಡಿ
ಮುಂಗಾರಿನ ಮೊದಲ ಮಳೆ ಹೊಯ್ದ ಮಾರನೇ ದಿನ ಅಕೇಶಿಯಾ ಅಡಿಯ ದರಕು ಸರಿಸಿ ನೋಡಿ. ಮೇಲೆ ಒದ್ದೆ, ಕೆಳಗೆ ಮಣ್ಣು ಹೊಡಿಹೊಡಿ. ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ ಆ ಎಲೆಗಳು.

ಕಾಡಂಚು
ಅದು ಎಲೆಯೂ ಅಲ್ಲ ಅಕ್ಕ, ಎಲೆಯ ತೊಟ್ಟು ಅಗಲ ಆದದ್ದು. ಈಗಷ್ಟೇ ಹುಟ್ಟಿದ ಅಕೇಶಿಯಾ ಸಸಿ ನೋಡಿದರೆ ಗೊತ್ತಾಗುತ್ತೆ. ಮೊದಲು ಸೀಗೆ ಥರದ ಸಣ್ಣ ಸಣ್ಣ ಎಲೆ ಬರುತ್ತೆ. ಆಮೇಲೆ ಅದು ಉದುರಿ ತೊಟ್ಟೇ ಎಲೆಯ ಕೆಲಸ ಮಾಡುತ್ತೆ. ತೊಗಲಿನಂಥ ಸಾಮಾನು, ಬೇಗ ಕೊಳೆಯಲ್ಲ.

ಗೊಬ್ಬರಗುಂಡಿ
ಕೊಟ್ಟಿಗೆಗೆ ಹಾಸಲಿಕ್ಕೆ ಅಕೇಶಿಯಾ ದರಕು ಆಗುತ್ತಾ? ನಮ್ಮಲ್ಲಿ ಈಗ ಅದೇ ಜಾಸ್ತಿ ಸಿಗೋದು.

ದೂರದ ಹೆಗಡೆ
ವಾಲ್ನಟ್ ಹೊಟ್ಟು ಕುದುರೆ ಲಾಯಕ್ಕೆ ಹಾಸಿದರೆ ಇಲ್ಲಿ ದೊಡ್ಡ ಗಲಾಟೆ. ಕುದುರೆಗೆ ಕಾಲು ಊದಿ, ಗೊರಸು ನೋವು ಬಂದು ನಿಲ್ಲಲಿಕ್ಕೇ ಆಗಲ್ಲ. ಒಂದು ದಿನದೊಳಗೇ ಶುರುವಾಗುತ್ತೆ. ಗರಗಸದ ಮಿಲ್ಲಿನಿಂದ ಹೊಟ್ಟು ತರುವಾಗ ವಾಲ್ನಟ್ ಬೆರೆತಿದೆಯಾ ಅಂತ ಕೇಳಿಯೇ ತರ್ತಾರೆ.

ಅಪ್ಪೆಮಿಡಿ
ನಮ್ಮಲ್ಲಿ ಅಕೇಶಿಯಾ ದರಕು ಹಾಕಿ ದನಕ್ಕೆ ಏನೂ ಆಗಿಲ್ಲ. ಗೊಬ್ಬರ ಆಗೋದು ಮಾತ್ರ ನಿಧಾನ. ಮುಂದಿನ ವರ್ಷ ಗುಂಡಿ ತೆಗೆದರೂ ಎಲೆ ಎಲೆಯಾಗೇ ಸಿಗುತ್ತೆ. ಹಸಿಸೊಪ್ಪಿನ ಜೊತೆ ಬೆರೆಸಿ, ಸೆಗಣಿ ನೀರು ಜಾಸ್ತಿ ಬಿಡಿ.

ಕಡಲ ತಡಿ
ಕಾರವಾರದಿಂದ. ನೀವೆಲ್ಲ ಅಕೇಶಿಯಾ ಅಂತಿದ್ದೀರಿ, ನಮ್ಮ ಗಾಳಿಮರದ ಅಡಿ ಬಂದು ನೋಡಿ. ಟ್ಯಾಗೋರ್ ಕಡಲತೀರದ ಕಡೆ ನಡೆದರೆ ಗೊತ್ತಾಗುತ್ತೆ. ಕೆಳಗೆ ಕಂದು ಸೂಜಿಯ ಹಾಸಿಗೆ. ಮರಳಿನಲ್ಲಿ ಬೇರೆ ಏನೂ ಇಲ್ಲ. ದೇಶದಲ್ಲಿ ಗಾಳಿಮರ ನೆಡಲು ಶುರು ಮಾಡಿದ ಮೊದಲ ಜಾಗಗಳಲ್ಲಿ ಕಾರವಾರವೂ ಒಂದು, 1868ರಲ್ಲಿ. ರೈಲು ಇಂಜಿನ್ನಿನ ಉರುವಲಿಗೆ ಅಂತ.

ಪೇಟೆ ಹುಡ್ಗ
1868ರಲ್ಲಿ ಕಾರವಾರದಲ್ಲಿ ರೈಲಾ? ಕೊಂಕಣ ರೈಲು ಪೂರ್ತಿ ಓಡಲಿಕ್ಕೆ ಶುರುವಾಗಿದ್ದು 1998ರಲ್ಲಿ ಸ್ವಾಮಿ.

ಕಡಲ ತಡಿ
ರೈಲು ಕಾರವಾರದಲ್ಲೇ ಓಡಬೇಕು ಅಂತ ನಾನೆಲ್ಲಿ ಹೇಳಿದೆ? ಸೌದೆಗೆ ಕಾಲಿಲ್ವಾ, ಹಡಗಿಲ್ವಾ?

ಪೇಟೆ ಹುಡ್ಗ
ಅಂಕೋಲೆ ಹುಬ್ಬಳ್ಳಿ ರೈಲಿಗೂ ಒಂದಷ್ಟು ಸೌದೆ ತೆಗೆದಿಟ್ಟಿರಿ ಹಾಗಾದರೆ. ಅದು ಬರುವಷ್ಟರಲ್ಲಿ ಗಾಳಿಮರ ಇನ್ನೊಂದು ಬೆಳೆ ಬರುತ್ತೆ.

ನಿರ್ವಾಹಕ
ರೈಲಿನ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಗಿಡ ಮಾತ್ರ.

ಕಡಲ ತಡಿ
ಸರಿ, ಗಿಡ. ನಮ್ಮ ಮನೆ ಗಾಳಿಮರದ ತೋಪಿಗೆ ತಾಗಿಯೇ ಇದೆ. ಅಲ್ಲಿ ನಾನು ಬೆಳೆಸಿದ್ದು ಸುರಹೊನ್ನೆ. ಮರಳು, ಉಪ್ಪುಗಾಳಿ, ಅರೆನೆರಳು ಯಾವುದಕ್ಕೂ ಜಗ್ಗಲಿಲ್ಲ. ಎಲೆ ಹೊಳೆಯೋದು ನೋಡಲಿಕ್ಕೇ ಚಂದ. ನೆಡುವಾಗ ಸೂಜಿ ಎಲ್ಲ ಎಳೆದು ಮರಳಿಗೆ ಕೆಂಪುಮಣ್ಣು, ಗೊಬ್ಬರ ಬೆರೆಸಿದ್ದೆ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಲಿಲ್ಲ. ಹೊಂಗೆಯೂ ಬಂತು.

ಅಜ್ಜನ ಮಾತು
ಹುಣಸೆ ಮರದ ಅಡಿ ಮಲಗಬಾರದು ಅಂತ ಹಿರಿಯರು ಹೇಳುತ್ತಿದ್ದರು. ಅದರ ಅಡಿಯೂ ಏನೂ ಬೆಳೆಯಲ್ಲ.

ಪೇಟೆ ಹುಡ್ಗ
ಅದಕ್ಕೆ ಕಾರಣ ದೆವ್ವ, ಬೇರು ಅಲ್ಲ.

ಅಜ್ಜನ ಮಾತು
ನಗಿ ನಗಿ. ಸಾಲುಮರಕ್ಕೆ ಹುಣಸೆ ನೆಟ್ಟದ್ದೂ ಹಿರಿಯರೇ. ಹುಲ್ಲು ಬರಲ್ಲ, ದಾರಿ ಚೊಕ್ಕ ಇರುತ್ತೆ.

ಬೆಟ್ಟದ ಭಟ್ಟ
ಅಕೇಶಿಯಾ ಹೂ ಬಿಟ್ಟಾಗ ಊರಿಗೆಲ್ಲ ಉಬ್ಬಸ. ಅದನ್ನೂ ಯಾರಾದರೂ ಹೇಳಿ.

ಕಾಡಂಚು
ಅದಕ್ಕೂ ಪೂರ್ತಿ ಒಪ್ಪಲ್ಲ ಭಟ್ರೇ. ಅದರ ಪರಾಗ ಹೆಚ್ಚಾಗಿ ಜೇನು, ಹುಳ ಹೊತ್ತೊಯ್ಯೋದು. ಗಾಳಿಗೆ ಹಾರುವ ಹುಲ್ಲಿನ ಪರಾಗದ ಥರ ಅಲ್ಲ. ಅದೇ ಹೊತ್ತಿಗೆ ಹುಲ್ಲೂ ಹೂ ಬಿಟ್ಟಿರುತ್ತೆ, ದೂಳು ಎದ್ದಿರುತ್ತೆ.

ನಿರ್ವಾಹಕ
ಉಬ್ಬಸದ್ದೂ ಬೇರೆ ಎಳೆ ಮಾಡಿ ದಯವಿಟ್ಟು.

ಗೊಬ್ಬರಗುಂಡಿ
ವಿಷ ಇದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದಲ್ಲ? ನಾನು ಹಿಂದೆ ಒಮ್ಮೆ ಹೀಗೆ ಮಾಡಿದ್ದೆ. ಅಕೇಶಿಯಾ ಬುಡದ ಮಣ್ಣು ಒಂದು ಕುಂಡಕ್ಕೆ, ಅಂಗಳದಾಚೆಯ ಮಣ್ಣು ಇನ್ನೊಂದಕ್ಕೆ. ಎರಡಕ್ಕೂ ಹೆಸರುಕಾಳು ಹಾಕಿ ಒಂದೇ ಜಗಲಿ ಮೇಲೆ ಇಟ್ಟೆ. ಒಂದೇ ಲೋಟದಲ್ಲಿ ನೀರು. ಮೊಳಕೆ ಎರಡರಲ್ಲೂ ಒಟ್ಟಿಗೇ ಬಂತು. ಅಕೇಶಿಯಾ ಮಣ್ಣಿನ ಸಸಿ ಸ್ವಲ್ಪ ಗಿಡ್ಡ, ಅಷ್ಟೇ.

ಮೂರನೇ ಕುಂಡಕ್ಕೆ ಅಕೇಶಿಯಾ ದರಕು ಕುದಿಸಿ, ಕರಿ ಚಹಾ ಬಣ್ಣದ ನೀರು ಹೊಯ್ದೆ. ಅದರಲ್ಲಿ ಕಾಳು ಅರ್ಧಕ್ಕರ್ಧ ಕೊಳೆಯಿತು.

ನರ್ಸರಿ ನಾಗ
ಭೇಷ್! ಪ್ರಯೋಗಾಲಯಕ್ಕೂ ತೋಟಕ್ಕೂ ಇರುವ ವ್ಯತ್ಯಾಸ ನಿಮ್ಮ ಜಗಲಿ ಮೇಲೇ ಇದೆ ನೋಡಿ. ಕಷಾಯ ಮಾಡಿ ಹೊಯ್ದರೆ ಯಾವ ಕಾಳೂ ಏಳಲ್ಲ. ಮಣ್ಣು ಕುಂಡಕ್ಕೆ ತಂದ ಕೂಡಲೇ ಮರದ ಬೇರಿನ ಪೈಪೋಟಿ ತಪ್ಪಿತು, ನೆರಳು ತಪ್ಪಿತು. ಆಗ ಕಾಳು ಚೆನ್ನಾಗೇ ಹುಟ್ಟಿತು.

ಬೆಟ್ಟದ ಭಟ್ಟ
ಗಿಡ್ಡ ಆಯಿತು ಅಂದರಲ್ಲ ಅವರು? ಅದನ್ನು ಯಾಕೆ ನುಂಗಿದಿರಿ?

ನರ್ಸರಿ ನಾಗ
ನುಂಗಿಲ್ಲ ಭಟ್ರೇ. ಬುಡದ ಮಣ್ಣಿನ ಸಾರವನ್ನು ಮರ ಹೀರಿರುತ್ತೆ, ಸ್ವಲ್ಪ ಗಿಡ್ಡ ಆಗೋದು ಸಹಜ. ಎಲೆಯ ರಸದ ಕೈವಾಡ ಸ್ವಲ್ಪವೂ ಇಲ್ಲ ಅಂತ ನಾನು ಹೇಳಲ್ಲ. ಮೊದಲ ಅನುಮಾನ ಅದರ ಮೇಲೆ ಬೇಡ ಅಂತಿದ್ದೇನೆ. ನೀರು, ಬೇರು, ನೆರಳು ನೋಡಿ. ವಿಷ ಅಂದುಕೊಂಡು ಮಣ್ಣು ಬದಲಿಸಲಿಕ್ಕೆ ಹೊರಟರೆ ಲೋಡುಗಟ್ಟಲೆ ಮಣ್ಣಿನ ದುಡ್ಡು ಹೋಗುತ್ತೆ. ಒಂದೇ ಮಳೆಗಾಲದಲ್ಲಿ ಆ ಹೊಸ ಮಣ್ಣಿಗೂ ಅಕೇಶಿಯಾ ಬೇರು ಬಂದು ಕೂರುತ್ತೆ.

ದೂರದ ಹೆಗಡೆ
ವಾಲ್ನಟ್ ವಿಷಯದಲ್ಲೂ ನಾಗನ ಮಾತು ತೆಗೆದುಹಾಕುವಂತಿಲ್ಲ. ಜುಗ್ಲೋನ್ ತಾಗಿದ ಲಕ್ಷಣ ಅಂತ ಹೇಳೋದೇ ಎಲೆ ಹಳದಿ ಆಗೋದು, ಬಾಡೋದು. ನೀರಿಲ್ಲದಿದ್ದರೂ ಅದೇ ತಾನೆ ಆಗೋದು? ಪಕ್ಕದ ಮನೆ ಟೊಮೇಟೊಗೆ ಬೇರೆ ಬಾಡು ರೋಗ ಇತ್ತೋ ಏನೋ, ಯಾರೂ ಕಿತ್ತು ನೋಡಲಿಲ್ಲ. ಆದರೂ ನಾನು ವಾಲ್ನಟ್ ಬುಡಕ್ಕೆ ಟೊಮೇಟೊ ಹಾಕಲ್ಲ. ಬೇರೆ ಜಾಗ ಇರುವಾಗ ಯಾಕೆ ಜೂಜು?

ಬೆಟ್ಟದ ಭಟ್ಟ
ಹಾಂ, ಹೀಗೆ ಹೇಳಿ!

ಹಳ್ಳದ ಮನೆ
ಇವತ್ತು ಬೆಳಿಗ್ಗೆ ಹಾರೆ ಹಿಡಿದು ಒಂದು ಗುಂಡಿ ಬಿಡಿಸಿದೆ. ಹೊಳೆದಾಸವಾಳ ಸತ್ತ ಗುಂಡಿ. ಮೇಲಿನ ಒಂದು ಗೇಣು ಮಣ್ಣು ಏಳಲೇ ಇಲ್ಲ. ಹಾರೆ ಮೀಟಿದರೆ ಚಾಪೆ ಥರ ಎದ್ದು ಬಂತು. ಪೂರಾ ಕಂದು ಬೇರು, ಕೂದಲಿನಷ್ಟು ಸಪೂರ, ನಡುವೆ ಅಲ್ಲೊಂದು ಇಲ್ಲೊಂದು ಪೆನ್ಸಿಲ್ ದಪ್ಪದ್ದು. ಎಲ್ಲ ಬೇಲಿ ಕಡೆಯಿಂದ ಬಂದವು. ಸಣ್ಣ ಬೇರಿನಲ್ಲಿ ಸಾಸಿವೆಯಷ್ಟು ಗಂಟುಗಳೂ ಇದ್ದವು. ನಾನು ಹಾಕಿದ ಕೊಟ್ಟಿಗೆ ಗೊಬ್ಬರದ ಉಂಡೆಯನ್ನು ಬೇರು ಸುತ್ತಲೂ ಹೆಣೆದುಕೊಂಡಿತ್ತು. ಸತ್ತ ಗಿಡದ ಬೇರು ಚೀಲದಲ್ಲಿ ಎಷ್ಟಿತ್ತೋ ಅಷ್ಟೇ, ಹೊರಗೆ ಬಂದೇ ಇಲ್ಲ.

ನರ್ಸರಿ ನಾಗ
ಆ ಗಂಟುಗಳೇ ಸಾರಜನಕದ್ದು. ಅಕೇಶಿಯಾ ಬೇರು ಅನ್ನಲಿಕ್ಕೆ ಅದಕ್ಕಿಂತ ಗುರುತು ಬೇಡ.

ಈಗ ಕೆಲಸ ಹೇಳ್ತೇನೆ. ಬೇಲಿಗೂ ಗಿಡದ ಸಾಲಿಗೂ ನಡುವೆ ಅಗಳ ತೆಗೆಸಿ. ಎರಡರಿಂದ ಮೂರಡಿ ಆಳ, ಒಂದು ಗುದ್ದಲಿ ಅಗಲ ಸಾಕು. ಬೇರು ಕಡಿದು ಹೋಗುತ್ತೆ. ಆದರೆ ಮರದ ಬುಡಕ್ಕೆ ತಾಗಿಸಿ ತೆಗೆಯಬೇಡಿ. ಒಂದೇ ಬದಿಯ ಬೇರೆಲ್ಲ ಕಡಿದರೆ ಆಷಾಢದ ಗಾಳಿಗೆ ಮರ ನಿಮ್ಮ ದಾರಿ ಮೇಲೇ ಮಲಗುತ್ತೆ. ಅಕೇಶಿಯಾ ಮೊದಲೇ ಮುರಿಯುವ ಜಾತಿ. ಹಾಗಾಗಿ ಗಿಡದ ಸಾಲನ್ನೇ ದಾರಿ ಕಡೆಗೆ ಸರಿಸಿ. ಬುಡದಿಂದ ಹದಿನೈದು ಇಪ್ಪತ್ತಡಿ ಸಿಕ್ಕರೆ ಒಳ್ಳೆಯದು. ಒಂದೆರಡು ವರ್ಷಕ್ಕೊಮ್ಮೆ ಅಗಳ ಚೊಕ್ಕ ಮಾಡಿಸಿ, ಇಲ್ಲದಿದ್ದರೆ ಬೇರು ಮತ್ತೆ ದಾಟುತ್ತೆ.

ದರಕು ಗುಂಡಿಯ ಸುತ್ತ ಮಾತ್ರ ಸರಿಸಿ, ಬಾಕಿ ಇರಲಿ. ಗಿಡದ ಬುಡಕ್ಕೆ ಬೇರೆ ಸೊಪ್ಪು ಮುಚ್ಚಿ. ಬೇಸಿಗೆಯಲ್ಲಿ ಪೈಪ್ ಹಿಡಿದು ಓಡಿಸಬೇಡಿ. ಒಂದೊಂದು ಗಿಡಕ್ಕೂ ಒಂದು ಕೊಡ ನೀರು ಇಂಗಬೇಕು. ಎಡಬದಿಗೆ ಬಲಬದಿಯ ಎರಡರಷ್ಟು.

ಕಾಡಂಚು
ಎಡಬದಿಗೆ ಮುರುಗಲು ಹಾಕಿ. ನನ್ನ ಕಣ್ಣೆದುರೇ ಅಕೇಶಿಯಾ ಅಡಿ ಬೆಳೆದಿದೆ. ಗೋಪುರದ ಹಾಗೆ ನೇರ ಏಳುತ್ತೆ, ರೆಂಬೆ ಇಳಿಬಿಡುತ್ತೆ, ಎಳೆ ಚಿಗುರು ಕೆಂಪು. ಚಂದಕ್ಕೆ ಚಂದ, ಹುಳಿಗೆ ಹುಳಿ.

ಅಪ್ಪೆಮಿಡಿ
ಮುರುಗಲು ಒಪ್ಪಿದೆ. ಉಪ್ಪಾಗೆಯೂ ಆಗಬಹುದು. ಹಲಸು ಮಾತ್ರ ದಾರಿ ಪಕ್ಕ ಬೇಡ. ಹಣ್ಣು ಕಾರಿನ ಮೇಲೆ ಬೀಳುತ್ತೆ, ಮಂಗ ಬರುತ್ತೆ.

ದೂರದ ಹೆಗಡೆ
ವಾಲ್ನಟ್ಟೂ ಹಾಗೇ. ಟೆನಿಸ್ ಚೆಂಡಿನಷ್ಟು ಕಾಯಿ ಕಾರಿನ ಮೇಲೆ ದಪ್ ಅಂತ ಬೀಳುತ್ತೆ. ಉಳಿದದ್ದನ್ನು ಅಳಿಲು ಹೊತ್ತೊಯ್ದು ಹುಗಿದಿಟ್ಟು ಮರೆಯುತ್ತೆ. ವಸಂತಕ್ಕೆ ಹಿತ್ತಲ ತುಂಬಾ ವಾಲ್ನಟ್ ಸಸಿ. ವಿಷಕ್ಕಿಂತ ಆ ಸಸಿ ಕೀಳೋದೇ ದೊಡ್ಡ ಕೆಲಸ.

ಬೆಟ್ಟದ ಭಟ್ಟ
ಅಕೇಶಿಯಾ ಬೀಜ ಕಡಿಮೆಯಾ? ಕಿತ್ತಳೆ ಬಣ್ಣದ ದಾರ ಕಟ್ಟಿಕೊಂಡು ಹಕ್ಕಿಗೆ ಆಸೆ ತೋರಿಸುತ್ತೆ. ಎಲ್ಲ ಕಡೆ ಹರಡೋದು ಅದಕ್ಕೇ. ಎಲ್ಲರೂ ಇಷ್ಟೆಲ್ಲ ಉಪಾಯ ಹೇಳಿದಿರಿ. ಮರ ಕಡಿದರೆ ಎಲ್ಲ ಮುಗಿಯುತ್ತಲ್ಲ?

ಹಳ್ಳದ ಮನೆ
ಭಟ್ರೇ, ಪಕ್ಕದವರು ಕಡಿಯಲ್ಲ. ಮಗಳ ಮದುವೆಗೆ ಅಂತ ಇಟ್ಟುಕೊಂಡಿದ್ದಾರೆ. ಹುಡುಗಿ ಈಗ ಎಂಟನೇ ಕ್ಲಾಸು.

ಪೇಟೆ ಹುಡ್ಗ
ಹಾಗಾದರೆ ಅಗಳ ಆಳವಾಗೇ ತೆಗೆಸಿ 😄

ಕಾಡಂಚು
ಅಗಳ ತೆಗೆಯುವ ಮುಂಚೆ ಅವರಿಗೊಂದು ಮಾತು ಹೇಳಿ. ಬೇರು ಕಡಿದರು, ಮರ ಬಿತ್ತು ಅಂತ ನಾಳೆ ಪಂಚಾಯಿತಿ ಆಗೋದು ಬೇಡ. ಇನ್ನೊಂದು, ಆ ಮರ ಅವರ ಸ್ವಂತ ಜಾಗದಲ್ಲಿದೆಯಾ, ಬೆಟ್ಟದಲ್ಲಿದೆಯಾ? ಬೆಟ್ಟದ್ದಾದರೆ ಮರ ಅವರದ್ದಲ್ಲ. ಅರಣ್ಯ ಇಲಾಖೆಯಲ್ಲಿ ಕೇಳದೆ ಯಾರೂ ಕೈ ಹಚ್ಚುವಂತಿಲ್ಲ.

ಹಳ್ಳದ ಮನೆ
ಸ್ವಂತ ಜಾಗದ್ದೇ. ಮಾತಾಡಿದೆ, ಅಡ್ಡಿ ಇಲ್ಲ ಅಂದರು. ಬೇಲಿ ದಾಟಿ ಬಂದ ರೆಂಬೆ ಸವರಲಿಕ್ಕೂ ಒಪ್ಪಿದ್ದಾರೆ, ಸೌದೆ ಅವರಿಗೇ ಕೊಡಬೇಕು ಅಂತ ಮಾತು. ಸಾಲನ್ನು ದಾರಿ ಕಡೆ ಸರಿಸ್ತೇನೆ. ಎಡಬದಿಗೆ ಮುರುಗಲು, ಸುರಗಿ. ರಂಜೆ ಬದುಕಿದ್ದನ್ನು ಬೇರುಸಮೇತ ಎತ್ತಿ ಜೂನ್ ಮಳೆಗೆ ಸರಿಸಬಹುದಾ? ಹೊಳೆದಾಸವಾಳ ಬಲಬದಿಗೆ ಮಾತ್ರ. ಮಗಳು ರೆಡ್‌ಬಡ್ ಹಾಕ್ತಾಳಂತೆ, ಫೋಟೋ ಕಳಿಸಿದಳು, ಎಲೆ ಬರುವ ಮುಂಚೆ ಮೈತುಂಬ ಗುಲಾಬಿ ಹೂ.

ನರ್ಸರಿ ನಾಗ
ರಂಜೆ ಎತ್ತಬಹುದು, ಮಣ್ಣಿನ ಉಂಡೆ ಒಡೆಯದ ಹಾಗೆ ನೋಡಿಕೊಳ್ಳಿ. ಮಳೆ ಹಿಡಿದು ಒಂದು ವಾರ ಆದ ಮೇಲೆ. ಅದು ನಿಧಾನದ ಮರ, ಅವಸರ ಮಾಡಬೇಡಿ.

ಅಪ್ಪೆಮಿಡಿ
ಸುರಗಿ ನೆಡುವವರಿಗೆ ಒಂದು ಮಾತು. ಎಲ್ಲ ಸುರಗಿಯಲ್ಲೂ ಕಾಯಿ ಆಗಲ್ಲ, ಕೆಲವು ಗಂಡು. ಹೂವಿಗೆ ಮಾತ್ರ ಆದರೆ ತೊಂದರೆ ಇಲ್ಲ. ನಮ್ಮ ಅತ್ತೆ ಒಣ ಸುರಗಿ ಮಾಲೆಯನ್ನು ರೇಷ್ಮೆ ಸೀರೆ ಮಧ್ಯೆ ಇಡ್ತಿದ್ದರು, ಮುಂದಿನ ಸೀಸನ್ ತನಕ ವಾಸನೆ ಇರ್ತಿತ್ತು.

ಗೊಬ್ಬರಗುಂಡಿ
ಸುರಗಿ ಸಸಿ ಎಲ್ಲಿ ಸಿಗುತ್ತೆ? ನಾನು ಕೇಳಿದ ಕಡೆಯೆಲ್ಲ ಮುಗಿದಿದೆ ಅಂತಾರೆ.

ನರ್ಸರಿ ನಾಗ
ಬೀಜ ಸಿಗೋದೇ ಕಷ್ಟ. ಹೂ ಮೊಗ್ಗಿದ್ದಾಗಲೇ ಕೊಯ್ದು ಮಾರಿಬಿಡ್ತಾರೆ, ಕಾಯಿ ಎಲ್ಲಿಂದ ಬರಬೇಕು? ನಿಮ್ಮೂರಲ್ಲಿ ಕೊಯ್ಯದೆ ಬಿಟ್ಟ ಮರ ಇದ್ದರೆ ಮಳೆ ಹಿಡಿಯುವ ಹೊತ್ತಿಗೆ ಬುಡದಲ್ಲಿ ನೋಡಿ. ಬಿದ್ದ ಬೀಜ ಒಣಗಲಿಕ್ಕೆ ಬಿಡದೆ ಹಸಿಯಾಗೇ ಚೀಲಕ್ಕೆ ಹಾಕಿ. ಹೆಚ್ಚಿಗೆ ಸಿಕ್ಕರೆ ನನಗೂ ಕೊಡಿ, ಬದಲಿಗೆ ಮುರುಗಲು ಸಸಿ ಕೊಡ್ತೇನೆ.

ಬೆಟ್ಟದ ಭಟ್ಟ
ನಮ್ಮ ದೇವಸ್ಥಾನದ ಹಿಂದೆ ಎರಡು ಸುರಗಿ ಇದೆ. ಯಾರೂ ಕೊಯ್ಯಲ್ಲ. ಬೇಕಾದವರು ಬನ್ನಿ. ಬರುವಾಗ ಆ ಅಕೇಶಿಯಾ ಪ್ಲಾಂಟೇಶನ್ನೂ ತೋರಿಸ್ತೇನೆ ನಾಗನಿಗೆ.